ಈರುಳ್ಳಿ ಪೊರೆಯಲ್ಲಿ ಹಸಿರು ಎಲ್ಲಿ? ಸಸ್ಯಕೋಶ, ಪ್ರಾಣಿಕೋಶಗಳ ಬಗ್ಗೆ ಒಂದು ಪಂಚಾಯಿತಿ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮನೆಯ ಸಣ್ಣ ವ್ಯಾಜ್ಯವೊಂದನ್ನು ಇಲ್ಲಿಗೆ ತಂದಿದ್ದೇನೆ. ಮಗಳು ಒಂಬತ್ತನೇ ತರಗತಿ. ಶಾಲೆಯಲ್ಲಿ ಈರುಳ್ಳಿಯ ಪೊರೆ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದಾರೆ. ಕಂಡದ್ದರ ಚಿತ್ರ ಬರೆದುಕೊಂಡು ಬನ್ನಿ ಎಂದಿದ್ದಾರೆ. ಇವಳು ಇಟ್ಟಿಗೆ ಜೋಡಿಸಿದಂತೆ ಉದ್ದುದ್ದ ಕೋಶಗಳನ್ನು ಬರೆದು, ಒಂದೊಂದರಲ್ಲೂ ಅಂಚಿಗೆ ಒತ್ತಿಕೊಂಡಂತೆ ಒಂದು ಚುಕ್ಕೆ ಇಟ್ಟಿದ್ದಾಳೆ. ಅಷ್ಟೇ. ಪುಸ್ತಕ ವಾಪಸು ಬಂದಾಗ ಕೆಂಪು ಶಾಯಿಯಲ್ಲಿ "ಕ್ಲೋರೋಪ್ಲಾಸ್ಟ್ ಎಲ್ಲಿ?" ಎಂಬ ಪ್ರಶ್ನೆ, ಜೊತೆಗೆ ಎರಡು ಅಂಕ ಕಡಿತ.

"ಅಮ್ಮಾ, ಅಲ್ಲಿ ಹಸಿರು ಕಾಣಲೇ ಇಲ್ಲ, ಕಾಣದ್ದನ್ನು ಹೇಗೆ ಬರೆಯಲಿ?" ಎನ್ನುತ್ತಾಳೆ. ಪಠ್ಯಪುಸ್ತಕದ ಚಿತ್ರದಲ್ಲಿ ನೋಡಿದರೆ ಸಸ್ಯಕೋಶದ ತುಂಬ ಹಸಿರು ಗುಳಿಗೆಗಳು. ನಾನು ಓದಿದ್ದು ವಾಣಿಜ್ಯ. ಯಾರು ಸರಿ, ದಯವಿಟ್ಟು ತಿಳಿದವರು ಹೇಳಿ.

ಸಂಜೆಯ ಪಾಠ
ಮೇಡಂ, ನಾನು ಹದಿನೈದು ವರ್ಷಗಳಿಂದ ಮನೆಪಾಠ ಹೇಳುತ್ತಿದ್ದೇನೆ. ಪರೀಕ್ಷೆಯ ದೃಷ್ಟಿಯಿಂದ ಹೇಳುವುದಾದರೆ ಸಸ್ಯಕೋಶಕ್ಕೆ ಕೋಶಭಿತ್ತಿ ಇದೆ, ಪ್ರಾಣಿಕೋಶಕ್ಕಿಲ್ಲ. ಸಸ್ಯಕೋಶಕ್ಕೆ ಕ್ಲೋರೋಪ್ಲಾಸ್ಟ್ ಇದೆ, ಪ್ರಾಣಿಕೋಶಕ್ಕಿಲ್ಲ. ಸಸ್ಯಕೋಶದಲ್ಲಿ ದೊಡ್ಡ ರಸದಾನಿ, ಪ್ರಾಣಿಕೋಶದಲ್ಲಿ ಇದ್ದರೂ ಚಿಕ್ಕವು. ಕೋಶ ವಿಭಜನೆಗೆ ನೆರವಾಗುವ ಸಣ್ಣ ಕೊಳವೆಯಂಥ ಸೆಂಟ್ರಿಯೋಲ್ ಪ್ರಾಣಿಕೋಶಕ್ಕೆ ಮಾತ್ರ. ಈ ನಾಲ್ಕು ಬರೆದರೆ ಪೂರ್ಣ ಅಂಕ. ಮಗುವಿಗೆ ಪಟ್ಟಿ ಬಾಯಿಪಾಠ ಮಾಡಿಸಿ, ಸುಮ್ಮನೆ ಗೊಂದಲ ಬೇಡ.

ಹಳೆಯ ಪ್ರಯೋಗಶಾಲೆ
ಪಾಠದವರು ಕೊಟ್ಟ ಪಟ್ಟಿ ತಪ್ಪಲ್ಲ. ಆದರೆ ಅಂಕ ಕಳೆದದ್ದು ತಪ್ಪು. ಪದವಿಪೂರ್ವ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು; ಈರುಳ್ಳಿ ಪೊರೆಯನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಒಂದೇ ಒಂದು ಕ್ಲೋರೋಪ್ಲಾಸ್ಟ್ ಕಂಡಿಲ್ಲ.

ಈರುಳ್ಳಿ ಗಡ್ಡೆ ಎಂದರೆ ಎಲೆಗಳ ಬುಡವೇ ದಪ್ಪಗಾಗಿ ಆಹಾರ ಕೂಡಿಟ್ಟುಕೊಂಡ ಭಾಗ. ಬಿಸಿಲು ಕಾಣದ ಜಾಗದಲ್ಲಿ ಅಡುಗೆ ಒಲೆ ಹೂಡುವುದು ಯಾಕೆ? ಬೇರಿನಲ್ಲೂ ಹಾಗೆಯೇ, ಹಸಿರಿಲ್ಲ. ಎಲ್ಲ ಸಸ್ಯಕೋಶದಲ್ಲೂ ಕ್ಲೋರೋಪ್ಲಾಸ್ಟ್ ಇರುತ್ತದೆ ಎಂಬುದು ಪಠ್ಯಪುಸ್ತಕದ ಚಿತ್ರ ಹುಟ್ಟಿಸಿದ ಭ್ರಮೆ. ಆ ಚಿತ್ರ ಯಾವ ಗಿಡದ ಯಾವ ಕೋಶದ್ದೂ ಅಲ್ಲ, ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ತುಂಬಿದ ಮಾದರಿ.

ಇನ್ನು ಆ ಚುಕ್ಕೆಯ ವಿಷಯ. ಅದನ್ನು ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಚುಕ್ಕೆ ಎಂದರೆ ಕೋಶಕೇಂದ್ರ. ಬಣ್ಣ ಹಾಕಿದಾಗ ಎದ್ದು ಕಾಣುತ್ತದೆ. ಮಗು ಅದನ್ನು ನಡುವೆ ಇಡದೆ ಅಂಚಿಗೆ ಒತ್ತಿ ಬರೆದಿದ್ದಾಳೆ. ಅದು ಅಂಚಿಗೆ ಹೋದದ್ದೇಕೆ? ಕೋಶದ ನಡುವೆ ನೀರು ತುಂಬಿದ ದೊಡ್ಡ ರಸದಾನಿ ಕುಳಿತಿದೆ. ಬಲಿತ ಸಸ್ಯಕೋಶದಲ್ಲಿ ಅದೊಂದೇ ಶೇಕಡ 90ರಷ್ಟು ಜಾಗ ಹಿಡಿಯಬಲ್ಲದು. ಉಳಿದವರೆಲ್ಲ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು, ದೊಡ್ಡ ಮಂಚ ಹಾಕಿದ ಸಣ್ಣ ಕೋಣೆಯಲ್ಲಿ ನೆಂಟರು ನಿಂತ ಹಾಗೆ. ರಸದಾನಿ ಕಣ್ಣಿಗೆ ಕಾಣುವುದಿಲ್ಲ, ಅದು ತಿಳಿನೀರಿನಂತೆ. ಆದರೆ ಅದು ಅಲ್ಲಿದೆ ಎಂಬುದಕ್ಕೆ ಸಾಕ್ಷಿ ಆ ಅಂಚಿನ ಚುಕ್ಕೆ. ಪಟ್ಟಿ ಬಾಯಿಪಾಠ ಮಾಡಿದ ಮಗು ಆ ಚುಕ್ಕೆಯನ್ನು ನಡುವೆಯೇ ಇಡುತ್ತಿತ್ತು.

ಮುಂದಿನ ಸಲ ಕೆನ್ನೆಯ ಒಳಭಾಗವನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಸವರಿ, ಗಾಜಿನ ಪಟ್ಟಿಯ ಮೇಲೆ ಹಚ್ಚಿ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಒಂದು ಹನಿ ಹಾಕಿ ನೋಡಲಿ. ಅಲ್ಲಿ ಇಟ್ಟಿಗೆ ಇಲ್ಲ. ಮಡಚಿದ ಹಪ್ಪಳದಂತೆ ಅಡ್ಡಾದಿಡ್ಡಿ ಅಂಚಿನ ತೆಳು ಕೋಶಗಳು, ಚುಕ್ಕೆ ಹೆಚ್ಚುಕಡಿಮೆ ನಡುವೆ.

ಬೆಳಗಿನ ಕಾಫಿ
ಅಂಕ ಕಳೆದವರಿಗೆ ಈ ಉತ್ತರವನ್ನು ಮುದ್ರಿಸಿ ಕಳುಹಿಸಬೇಕು ಮೇಷ್ಟರೇ.

ತುಂಗಾತೀರ
ಬೇಡ, ಬೇಡ. ಆ ಶಿಕ್ಷಕಿ ಒಳ್ಳೆಯವರು, ಅರವತ್ತು ಮಕ್ಕಳ ಪುಸ್ತಕ ತಿದ್ದುವವರು. ಮೇಷ್ಟರೇ, ಹಾಗಾದರೆ ಹಸಿರು ಕಾಣಬೇಕೆಂದರೆ ಏನು ತೆಗೆದುಕೊಳ್ಳಬೇಕು? ಈರುಳ್ಳಿಯ ಸೊಪ್ಪಿನ ಸಿಪ್ಪೆ ತೆಗೆದರೆ ಆಗುತ್ತದೆಯೇ?

ಹಳೆಯ ಪ್ರಯೋಗಶಾಲೆ
ಆಗುತ್ತದೆ, ಆದರೆ ನಿರಾಶೆಯೂ ಆಗುತ್ತದೆ. ಮೇಲಿನ ಸಿಪ್ಪೆಯಲ್ಲಿ ಪತ್ರರಂಧ್ರದ, ಅಂದರೆ ಎಲೆ ಉಸಿರಾಡುವ ಸಣ್ಣ ತೂತಿನ, ಎರಡು ಬದಿಯ ಕಾವಲುಕೋಶಗಳಲ್ಲಿ ಮಾತ್ರ ಹಸಿರು ಎದ್ದು ಕಾಣುತ್ತದೆ. ಕೆರೆಯಲ್ಲೋ ಮೀನಿನ ತೊಟ್ಟಿಯಲ್ಲೋ ಬೆಳೆಯುವ ಹೈಡ್ರಿಲ್ಲ ಸಿಕ್ಕರೆ ಒಂದು ಎಲೆ ತನ್ನಿ. ಅದರ ಎಲೆ ಎರಡೇ ಕೋಶಗಳಷ್ಟು ದಪ್ಪ. ಕೊಯ್ಯುವುದು ಬೇಡ, ಬಣ್ಣ ಬೇಡ, ಹಾಗೆಯೇ ನೀರಿನ ಹನಿಯಲ್ಲಿಟ್ಟು ನೋಡಬಹುದು. ಹಸಿರು ಕಾಳುಗಳು ಗೋಡೆಯ ಪಕ್ಕದಲ್ಲೇ ಸಾಲಾಗಿ, ರಥಬೀದಿ ಸುತ್ತುವ ಜನರ ಹಾಗೆ ಮೆಲ್ಲಗೆ ಸುತ್ತುತ್ತಿರುತ್ತವೆ. ಸ್ವಲ್ಪ ಬೆಳಕು ಬಿದ್ದು ಬೆಚ್ಚಗಾದರೆ ಇನ್ನೂ ಚೆನ್ನಾಗಿ ಓಡುತ್ತವೆ. ಆ ಸುತ್ತನ್ನು ಒಮ್ಮೆ ಕಂಡವರು ಗಿಡ ಅಲುಗಾಡದೆ ನಿಂತಿದೆ ಎಂದು ಮತ್ತೆ ಹೇಳಲಾರರು.

ಮೂರನೇ ಬೆಂಚು
ನನಗೆ ತಿಳಿದಂತೆ ಮುಖ್ಯ ವ್ಯತ್ಯಾಸ ಶಕ್ತಿಯದು. ಸಸ್ಯಕೋಶಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಕೋಶಕ್ಕೆ ಅದರ ಬದಲಿಗೆ ಮೈಟೊಕಾಂಡ್ರಿಯಾ. ಇಷ್ಟು ನೆನಪಿಟ್ಟರೆ ಸಾಕು.

ರಕ್ತಪರೀಕ್ಷೆ
"ಬದಲಿಗೆ" ಎಂಬ ಪದದಲ್ಲೇ ಎಡವಿದ್ದೀರಿ. ಸಸ್ಯಕೋಶದಲ್ಲಿ ಎರಡೂ ಇವೆ. ಕ್ಲೋರೋಪ್ಲಾಸ್ಟ್ ಬಿಸಿಲಿನಿಂದ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯನ್ನು ಉರಿಸಿ ಕೆಲಸಕ್ಕೆ ಬೇಕಾದ ಶಕ್ತಿ ತೆಗೆಯಲು ಗಿಡಕ್ಕೂ ಮೈಟೊಕಾಂಡ್ರಿಯಾ ಬೇಕು. ಇಲ್ಲದಿದ್ದರೆ ಮಣ್ಣಿನೊಳಗಿನ ಬೇರು ಹೇಗೆ ಬದುಕುತ್ತಿತ್ತು? ಎರಡಕ್ಕೂ ತಮ್ಮದೇ ಆದ ಡಿಎನ್‌ಎ ಇದೆ. ಒಂದು ಕಾಲದಲ್ಲಿ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾಗಳು ದೊಡ್ಡ ಕೋಶದೊಳಗೆ ಬಂದು ನೆಲೆಸಿದವು ಎಂಬ ವಾದವನ್ನು ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ವಿವರವಾಗಿ ಮಂಡಿಸಿದರು. ಮೊದಲು ನಕ್ಕವರೂ ಕೊನೆಗೆ ಒಪ್ಪಿದರು. ಪ್ರಾಣಿಯ ಮನೆಗೆ ಒಬ್ಬ ಬಾಡಿಗೆದಾರ ಬಂದ, ಸಸ್ಯದ ಮನೆಗೆ ಇಬ್ಬರು.

ಮೂರನೇ ಬೆಂಚು
ಒಪ್ಪಿದೆ. ಎಸ್ಸೆಸ್ಸೆಲ್ಸಿಯಲ್ಲಿ ಇದನ್ನೇ ತಪ್ಪು ಬರೆದು ಅಂಕ ಪಡೆದ ನೆನಪು!

ದೂರದೂರು
ಹಾಗಾದರೆ ಅಶ್ವತ್ಥ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎನ್ನುವುದು

ನಿರ್ವಾಹಕ
ಅಶ್ವತ್ಥದ ವಿಷಯಕ್ಕೆ ಹಿಂದೆ ನಾನೂರು ಉತ್ತರಗಳ ಜಗಳ ನಡೆದಿದೆ. ಅದನ್ನು ಇಲ್ಲಿ ಎಳೆಯುವುದು ಬೇಡ.

ಹಳೆಯ ಪ್ರಯೋಗಶಾಲೆ
ಧನ್ಯವಾದ ನಿರ್ವಾಹಕರೇ. ನನ್ನನ್ನು ಕೇಳಿದರೆ ಈ ನಾಲ್ಕು ಸಾಲಿನ ಪಟ್ಟಿಯಲ್ಲಿ ಒಂದೇ ಸಾಲು ಬೇರು, ಉಳಿದವು ಕೊಂಬೆ. ಆ ಬೇರು ಎಂದರೆ ಗೋಡೆ. ಕೋಶಪೊರೆ ಇಬ್ಬರಿಗೂ ಇದೆ. ಅದರ ಹೊರಗೆ ಸೆಲ್ಯುಲೋಸ್‌ನ ಗಟ್ಟಿ ಗೋಡೆ ಕಟ್ಟಿಕೊಂಡದ್ದು ಸಸ್ಯ. ಗೋಡೆ ಕಟ್ಟಿದ ಮೇಲೆ ಓಡಾಟ ಮುಗಿಯಿತು. ಅಮೀಬದಂತೆ ಎದುರಿಗೆ ಬಂದದ್ದನ್ನು ಬಾಚಿ ನುಂಗುವ ದಾರಿಯೂ ಮುಚ್ಚಿತು. ಕುಳಿತಲ್ಲೇ ಅನ್ನ ಬೇಯಿಸಿಕೊಳ್ಳುವವನಿಗೆ ಅದರಿಂದ ನಷ್ಟವಿಲ್ಲ, ಲಾಭವೇ. ಗೋಡೆ ಇರುವುದರಿಂದಲೇ ಒಳಗೆ ನೀರು ತುಂಬಿ ಒತ್ತಡ ಏರಿಸಿಕೊಳ್ಳಬಹುದು. ಕಾರಿನ ಟೈರಿನಲ್ಲಿ ವಾಯುಭಾರದ ಎರಡು ಪಟ್ಟಿನಷ್ಟು ಗಾಳಿ ತುಂಬಿಸುತ್ತೇವೆ. ಸಾಧಾರಣ ಎಲೆಯ ಕೋಶದೊಳಗೆ ಐದರಿಂದ ಹತ್ತು ಪಟ್ಟಿನ ಒತ್ತಡ ಇರುವುದುಂಟು. ಮೂಳೆಯಿಲ್ಲದ ಕೊತ್ತಂಬರಿ ನೆಟ್ಟಗೆ ನಿಲ್ಲುವುದು ಈ ಒತ್ತಡದಿಂದ. ಸಂತೆಯಿಂದ ತಂದ ಕಟ್ಟು ಮಧ್ಯಾಹ್ನಕ್ಕೆ ಬಾಡುವುದು ಒತ್ತಡ ಇಳಿದದ್ದರಿಂದ. ನೀರಿನಲ್ಲಿಟ್ಟರೆ ಮತ್ತೆ ಏಳುತ್ತದಲ್ಲ! ಮುಟ್ಟಿದರೆ ಮುನಿ ಮಡಚಿಕೊಳ್ಳುವುದೂ ಎಲೆಯ ಬುಡದ ಕೋಶಗಳಿಂದ ನೀರು ಸರಕ್ಕನೆ ಹೊರಗೆ ಹರಿದಾಗ. ಅಲ್ಲಿ ಸ್ನಾಯುವಿಲ್ಲ.

ರಕ್ತಪರೀಕ್ಷೆ
ಇದರ ಇನ್ನೊಂದು ಮುಖ ನಮ್ಮ ಮೇಜಿನ ಮೇಲೆ ದಿನವೂ ಕಾಣುತ್ತದೆ. ನಾನು ಪ್ರಯೋಗಾಲಯ ತಂತ್ರಜ್ಞೆ. ಕೆಂಪು ರಕ್ತಕಣಗಳನ್ನು ಶುದ್ಧ ನೀರಿಗೆ ಹಾಕಿದರೆ ಮಸುಕಾಗಿದ್ದ ದ್ರಾವಣ ಕಣ್ಣೆದುರೇ ತಿಳಿಯಾಗಿ, ಕೆಂಪು ಶರಬತ್ತಿನಂತಾಗುತ್ತದೆ. ಕಣಗಳೆಲ್ಲ ನೀರು ಕುಡಿದು ಒಡೆದುಹೋದವು ಎಂದರ್ಥ. ಪ್ರಾಣಿಕೋಶಕ್ಕೆ ತಡೆಯುವ ಗೋಡೆಯಿಲ್ಲ. ಅದಕ್ಕೇ ನರಕ್ಕೆ ಹಾಕುವ ಸಲೈನ್ ಬರಿಯ ನೀರಲ್ಲ, ಶೇಕಡ 0.9ರ ಉಪ್ಪುನೀರು. ಅದಕ್ಕಿಂತ ಉಪ್ಪು ಬಹಳ ಹೆಚ್ಚಾದರೆ ಕಣಗಳು ಒಣದ್ರಾಕ್ಷಿಯಂತೆ ಸುಕ್ಕಾಗುತ್ತವೆ. ಗಿಡಕ್ಕೆ ಮಳೆನೀರು ಹಬ್ಬ, ನಮ್ಮ ರಕ್ತಕಣಕ್ಕೆ ಅದೇ ಸಾವು.

ಗೋಡೆಯಿಂದ ಗಿಡಕ್ಕೆ ಇನ್ನೊಂದು ಲಾಭವೂ ಇದೆ. ನಮ್ಮ ಕ್ಯಾನ್ಸರ್ ಗಂಟಿನಂತೆ ಗಿಡಕ್ಕೂ ಗಂಟು ಬೆಳೆಯುತ್ತದೆ. ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ತಗುಲಿ ಕಾಂಡದ ಮೇಲೆ ಆಗುವ ಗಂಟು ನೋಡಿರಬಹುದು. ಆದರೆ ಅದರ ಕೋಶಗಳು ಎದ್ದು ಇನ್ನೊಂದು ಕೊಂಬೆಗೆ ವಲಸೆ ಹೋಗಿ ಅಲ್ಲಿ ಬೇರೂರುವುದಿಲ್ಲ. ಗೋಡೆಗೆ ಗೋಡೆ ಅಂಟಿಕೊಂಡಿದೆ, ಹೋಗುವುದೆಲ್ಲಿಗೆ? ನಮ್ಮಲ್ಲಿ ಕ್ಯಾನ್ಸರ್ ಭಯ ಹುಟ್ಟಿಸುವುದು ಈ ವಲಸೆಯಿಂದಲೇ.

ಮಿಡಿಮಾವು
ಉಪ್ಪಿನ ಮಾತು ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ನಮ್ಮದು ಸಾಗರದ ಕಡೆ. ಅಪ್ಪೆಮಿಡಿ ಬಂದಾಗ ಮನೆಯಲ್ಲಿ ಅತ್ತೆಯವರದೇ ಆಡಳಿತ. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬಿದ್ದದ್ದು ಬೇಡ, ಪೆಟ್ಟಾದದ್ದು ಬೇಡ. ತೊಳೆದು, ಬಟ್ಟೆಯಲ್ಲಿ ಒರೆಸಿ, ಪಸೆ ಆರಿದ ಮೇಲೆ ಜಾಡಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಒಂದು ತೊಟ್ಟು ನೀರು ಹಾಕುವುದಿಲ್ಲ. ದಿನಾ ಒಮ್ಮೆ ಕುಲುಕುವುದು. ನಾಲ್ಕು ದಿನಕ್ಕೆ ಜಾಡಿಯಲ್ಲಿ ನೀರು ಬಂದಿರುತ್ತದೆ, ಉಬ್ಬಿಕೊಂಡಿದ್ದ ಮಿಡಿ ಚಿರುಟಿರುತ್ತದೆ. ಚಿರುಟದಿದ್ದರೆ "ಇನ್ನೂ ಉಪ್ಪು ಹಿಡಿದಿಲ್ಲ" ಎಂದು ಅತ್ತೆ ಮುಚ್ಚಳ ಮುಚ್ಚುತ್ತಾರೆ. ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಸಾಸಿವೆ ಮೆಣಸು ಅರೆಯುವುದು.

ನನಗೆ ಕಾಡುವ ಪ್ರಶ್ನೆ ಇದು: ನೀರೆಲ್ಲ ಹೋಗಿ ಚಿರುಟಿದ ಮೇಲೂ ಮಿಡಿ ಕಚ್ಚಿದರೆ ಕರುಂ ಎನ್ನುತ್ತದೆ. ಮೆತ್ತಗಾಗುವುದಿಲ್ಲವೇಕೆ?

ಹಳೆಯ ಪ್ರಯೋಗಶಾಲೆ
ಅಕ್ಕಾ, ನೀವು ಹೇಳಿದ್ದು ನಾನು ಕಲಿಸುತ್ತಿದ್ದ ಅಭಿಸರಣೆಯ ಪಾಠಕ್ಕಿಂತ ಚೆನ್ನಾಗಿದೆ. ಹೊರಗೆ ಉಪ್ಪು ಹೆಚ್ಚು, ಒಳಗೆ ನೀರು ಹೆಚ್ಚು. ನೀರು ಹೊರಗೆ ಬರುತ್ತದೆ. ರಸದಾನಿ ಬರಿದಾದಂತೆ ಕೋಶಪೊರೆ ಗೋಡೆಯಿಂದ ಕಳಚಿ ಒಳಕ್ಕೆ ಮುದುಡುತ್ತದೆ. ಆದರೆ ಗೋಡೆ ಹಾಗೆಯೇ ನಿಂತಿರುತ್ತದೆ. ಗೋಡೆಗೂ ಗೋಡೆಗೂ ನಡುವೆ ಪೆಕ್ಟಿನ್ ಎಂಬ ಗಾರೆ ಇದೆ, ಹುಳಿಯಲ್ಲಿ ಅದು ಸುಲಭಕ್ಕೆ ಕರಗುವುದಿಲ್ಲ. ಮಾವಿನ ಮಿಡಿಯಲ್ಲಿ ಹುಳಿಗೆ ಕೊರತೆಯೇ? ಅದಕ್ಕೇ ಕರುಂ. ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕಿ ಎನ್ನುವುದೂ ಸೌತೆಕಾಯಿ ಮೊದಲೇ ನೀರು ಬಿಟ್ಟುಕೊಳ್ಳದಿರಲಿ ಎಂದು.

ಬೆಳಗಿನ ಕಾಫಿ
ಓಹೋ! ಹಾಗಾದರೆ ಹುಳಿಗೆ ಹುಣಸೆರಸವನ್ನು ಮೊದಲೇ ಸುರಿದರೆ ತರಕಾರಿ ಬೇಯುವುದಿಲ್ಲ ಎಂದು ಅಮ್ಮ ಬೈಯುತ್ತಿದ್ದದ್ದು ಈ ಗಾರೆಗಾಗಿಯೇ?

ಹಳೆಯ ಪ್ರಯೋಗಶಾಲೆ
ಅದಕ್ಕಾಗಿಯೇ. ಹುಳಿಯಲ್ಲಿ ಗಾರೆ ಹಿಡಿದುಕೊಳ್ಳುತ್ತದೆ, ಅಡುಗೆ ಸೋಡಾ ಚಿಟಿಕೆ ಹಾಕಿದರೆ ಬೇಗ ಬಿಡುತ್ತದೆ. ಮಾಂಸ ಬೇಯುವುದು ಬೇರೆ ಕಥೆ. ಅಲ್ಲಿ ಕೋಶಭಿತ್ತಿ ಇಲ್ಲ. ಕೋಶಗಳನ್ನು ಹಿಡಿದಿಡುವ ಕೊಲ್ಲಾಜೆನ್ ಎಂಬ ಪ್ರೋಟೀನಿನ ನಾರು ನಿಧಾನ ಬೆಂಕಿಯಲ್ಲಿ ಕರಗಿ ಅಂಟಾಗಬೇಕು.

ಸಂಜೆಯ ಪಾಠ
ಅಡುಗೆಮನೆ ಚೆನ್ನಾಗಿದೆ, ಆದರೆ ನನ್ನ ಪಟ್ಟಿಯ ಕೊನೆಯ ಸಾಲಿನ ಬಗ್ಗೆ ಯಾರೂ ಮಾತನಾಡಲಿಲ್ಲ. ಸೆಂಟ್ರಿಯೋಲ್ ಸಸ್ಯಕ್ಕಿಲ್ಲ. ಲೈಸೋಸೋಮ್ ಕೂಡ ಇಲ್ಲ ಎಂದು ಕೆಲವು ಪುಸ್ತಕಗಳಲ್ಲಿದೆ. ಅದಾದರೂ ಖಚಿತವಲ್ಲವೇ?

ಹಳೆಯ ಪ್ರಯೋಗಶಾಲೆ
ಖಚಿತ ಎನ್ನುವುದಕ್ಕಿಂತ "ನಮ್ಮ ಸುತ್ತ ಕಾಣುವ ಹೂಬಿಡುವ ಗಿಡಗಳ ಮಟ್ಟಿಗೆ" ಎಂದು ಸೇರಿಸಿದರೆ ಒಳ್ಳೆಯದು. ಪಾಚಿಗಿಡ, ಜರೀಗಿಡಗಳ ಗಂಡು ಬೀಜಾಣುಗಳಿಗೆ ಈಜುವ ಬಾಲಗಳಿವೆ. ಆ ಬಾಲದ ಬುಡದಲ್ಲಿ ಸೆಂಟ್ರಿಯೋಲ್‌ನದೇ ಕಟ್ಟಡ. 1896ರಲ್ಲಿ ಜಪಾನಿನ ಹಿರಾಸೆ ಗಿಂಕೊ ಮರದಲ್ಲಿ, ಇಕೆನೊ ಸೈಕಸ್ ಎಂಬ ಗಿಡದಲ್ಲಿ ಈಜುವ ವೀರ್ಯಾಣುಗಳನ್ನು ಕಂಡರು. ಮರದೊಳಗೆ ಈಜುವ ವೀರ್ಯಾಣು! ಲೈಸೋಸೋಮ್‌ನ ಕೆಲಸ, ಅಂದರೆ ಹಳೆಯದನ್ನು ಒಡೆದು ಕರಗಿಸುವುದು, ಗಿಡದಲ್ಲಿ ಬಹುಮಟ್ಟಿಗೆ ರಸದಾನಿಯ ಪಾಲು. ಅದು ಬರೀ ನೀರಿನ ತೊಟ್ಟಿ ಅಲ್ಲ. ಕಸದ ಬುಟ್ಟಿ, ಬಣ್ಣದ ಡಬ್ಬಿ, ಆಯುಧದ ಕೋಣೆ ಎಲ್ಲ ಅದೇ. ದಾಸವಾಳದ ಕೆಂಪು ಅಲ್ಲಿದೆ. ಈರುಳ್ಳಿ ಹೆಚ್ಚುವಾಗ ಕಣ್ಣೀರು ಬರಿಸುವ ಕಿಣ್ವವೂ ರಸದಾನಿಯಲ್ಲೇ ಬೀಗ ಹಾಕಿಕೊಂಡು ಕುಳಿತಿರುತ್ತದೆ. ಚಾಕು ಗೋಡೆ ಒಡೆದಾಗ ಹೊರಗಿನ ಗಂಧಕದ ಸಂಯುಕ್ತದೊಡನೆ ಸೇರುತ್ತದೆ. ಕೆಸುವಿನ ಎಲೆ ನಾಲಿಗೆ ತುರಿಸುವುದು ಕೆಲವು ಕೋಶಗಳ ರಸದಾನಿಯಲ್ಲಿ ಕಟ್ಟು ಕಟ್ಟಿಟ್ಟ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳಿಂದ. ಪತ್ರೊಡೆಗೆ ಹುಣಸೆ ಹಾಕುವವರಿಗೆ ಇದು ಹೊಸದಲ್ಲ.

ಬಾಳೆತೋಟ
ಚಾಮರಾಜನಗರದ ಕಡೆಯ ರೈತ ನಾನು. ಯೂರಿಯಾ ಜಾಸ್ತಿ ಬಿದ್ದ ಗಿಡದ ಎಲೆ ಅಂಚು ಸುಟ್ಟ ಹಾಗೆ ಆಗುವುದು ಮಿಡಿ ಚಿರುಟುವ ಲೆಕ್ಕದಲ್ಲೇ ಎಂದು ಈಗ ಅರ್ಥವಾಯಿತು. ಗೊಬ್ಬರ ಹಾಕಿ ನೀರು ಬಿಡದಿದ್ದರೆ ಬೇರಿನ ನೀರನ್ನೇ ಮಣ್ಣು ಹೀರುತ್ತದೆ.

ನನ್ನ ಪ್ರಶ್ನೆ ಬೇರೆ. ಜಿ9 ಬಾಳೆಯ ಟಿಶ್ಯೂ ಕಲ್ಚರ್ ಸಸಿ ತರುತ್ತೇವೆ. ಒಂದು ಚೂರು ಅಂಗಾಂಶದಿಂದ ಸಾವಿರಾರು ಸಸಿ ಎನ್ನುತ್ತಾರೆ. ನಮ್ಮ ಹಳ್ಳಿಕಾರ್ ಎತ್ತಿನ ಕಿವಿಯ ಚೂರಿನಿಂದ ಎತ್ತು ಮಾಡಲು ಯಾಕೆ ಆಗುವುದಿಲ್ಲ?

ರಕ್ತಪರೀಕ್ಷೆ
ಅಣ್ಣಾ, ಈ ಎಲ್ಲ ಚರ್ಚೆಯಲ್ಲಿ ಇದೇ ಒಳ್ಳೆಯ ಪ್ರಶ್ನೆ. ಬಲಿತ ಸಸ್ಯಕೋಶವೂ ತಕ್ಕ ಸಾರ ಸಿಕ್ಕರೆ ತನ್ನ ಕೆಲಸ ಮರೆತು ಮೊದಲಿನಿಂದ ಶುರು ಮಾಡಬಲ್ಲದು. 1958ರಲ್ಲಿ ಸ್ಟೀವರ್ಡ್ ಎಂಬ ವಿಜ್ಞಾನಿ ಕ್ಯಾರೆಟ್ಟಿನ ಕೋಶಗಳಿಂದ ಇಡೀ ಗಿಡ ಬೆಳೆಸಿ ತೋರಿಸಿದರು. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಮಹೇಶ್ವರಿ ಅವರು ದತ್ತೂರದ ಪರಾಗಕೋಶದಿಂದ ಮಾಮೂಲಿನ ಅರ್ಧದಷ್ಟೇ ವರ್ಣತಂತುಗಳಿರುವ ಭ್ರೂಣ ಪಡೆದರು. ನಮ್ಮ ದೇಶದ ಹೆಮ್ಮೆಯ ಕೆಲಸ ಅದು, ಪಠ್ಯದಲ್ಲಿ ಒಂದು ಸಾಲಿಗೆ ಮುಗಿಸುತ್ತಾರೆ. ಪ್ರಾಣಿಯಲ್ಲಿ ಒಮ್ಮೆ ಚರ್ಮವಾದ ಕೋಶ ಸಾಮಾನ್ಯವಾಗಿ ಚರ್ಮವಾಗಿಯೇ ಉಳಿಯುತ್ತದೆ. 1996ರಲ್ಲಿ ಹುಟ್ಟಿದ ಡಾಲಿ ಕುರಿಗೂ ಕೆಚ್ಚಲಿನ ಕೋಶವನ್ನು ಹಾಗೆಯೇ ಬೆಳೆಸಲಿಲ್ಲ. ಅದರ ಕೋಶಕೇಂದ್ರವನ್ನು ಕೇಂದ್ರ ತೆಗೆದ ಅಂಡದೊಳಗೆ ಇಟ್ಟು, ಇನ್ನೊಂದು ಕುರಿಯ ಗರ್ಭದಲ್ಲಿ ಬೆಳೆಸಬೇಕಾಯಿತು.

ಬಾಳೆತೋಟ
ಹಾಗಾದರೆ ಎತ್ತಿಗೆ ಹಸುವೇ ಬೇಕು. ಸರಿ.

ಹತ್ತಿಹೊಲ
ತಡವಾಗಿ ಬಂದೆ. ಕೋಶ ಎಂದರೆ ಕಣ್ಣಿಗೆ ಕಾಣದ್ದು ಎಂದು ಯಾರಾದರೂ ಅಂದುಕೊಂಡಿದ್ದರೆ ತಮ್ಮ ಅಂಗಿಯನ್ನೇ ನೋಡಿಕೊಳ್ಳಲಿ. ಹತ್ತಿಯ ಒಂದು ಎಳೆ ಎಂದರೆ ಒಂದೇ ಕೋಶ. ಬೀಜದ ಮೇಲ್ಪದರದ ಕೋಶವೊಂದು ಕೂದಲಿನಂತೆ ಎರಡು ಮೂರು ಸೆಂಟಿಮೀಟರ್ ಬೆಳೆದು, ಒಳಗೆ ಪದರ ಪದರವಾಗಿ ಸೆಲ್ಯುಲೋಸ್ ಮೆತ್ತಿ, ಕೊನೆಗೆ ಸತ್ತು ಒಣಗಿ ತಿರುಚಿಕೊಳ್ಳುತ್ತದೆ. ಆ ತಿರುಚು ಇರುವುದರಿಂದಲೇ ನೂಲು ಹಿಡಿಯುತ್ತದೆ. ಧಾರವಾಡದಲ್ಲಿ 1972ರಲ್ಲಿ ಬಂದ ವರಲಕ್ಷ್ಮಿ ತಳಿಗೆ ಹೆಸರು ಬಂದದ್ದು ಈ ಎಳೆಯ ಉದ್ದದಿಂದ. ನಾವು ಉಡುವುದು ಗೋಡೆಯನ್ನು. ಪ್ರಾಣಿಯ ಕಡೆಯ ಉಣ್ಣೆ ಹಾಗಲ್ಲ, ಅದು ಅಸಂಖ್ಯ ಸತ್ತ ಕೋಶಗಳ ಹುರಿ, ಪ್ರೋಟೀನು.

ಹಳೆಯ ಪ್ರಯೋಗಶಾಲೆ
ಒಳ್ಳೆಯ ಮಾತು ನೆನಪಿಸಿದಿರಿ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ಕಂಡು "ಸೆಲ್" ಎಂದು ಹೆಸರಿಟ್ಟದ್ದೂ ಸತ್ತ ಗೋಡೆಗಳಿಗೇ. ಒಳಗೆ ಜೀವ ಇರಲಿಲ್ಲ. ಪ್ರಾಣಿಯ ಅಂಗಾಂಶವನ್ನು ಮೊದಲು ನೋಡಿದ್ದರೆ ಗೋಡೆಯಿಲ್ಲದ ಆ ಗೊಜ್ಜಿನಲ್ಲಿ ಕೋಣೆಗಳು ಕಾಣುತ್ತಲೇ ಇರಲಿಲ್ಲ. ಗಿಡವೆಲ್ಲ ಕೋಶಗಳಿಂದ ಆದದ್ದು ಎಂದು ಶ್ಲೈಡನ್ 1838ರಲ್ಲಿ ಹೇಳಿದರೆ, ಪ್ರಾಣಿಗೂ ಅದೇ ಎಂದು ಶ್ವಾನ್ 1839ರಲ್ಲಿ ಹೇಳಿದರು. ನಡುವೆ ಹೋದದ್ದು ನೂರೆಪ್ಪತ್ತು ವರ್ಷ.

ತುಂಗಾತೀರ
ವಾರದ ನಂತರ ಬಂದಿದ್ದೇನೆ. ಮಗಳ ಸೋದರಮಾವ ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಸೂಕ್ಷ್ಮದರ್ಶಕ ತಂದುಕೊಟ್ಟ, 140 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಕೆಂಪು ಈರುಳ್ಳಿಯ ಹೊರಸಿಪ್ಪೆಯ ಕೆಳಗಿನ ನೇರಳೆ ಪೊರೆ ತೆಗೆದು, ಬಣ್ಣವನ್ನೇ ಹಾಕದೆ ನೋಡಿದೆವು. ಪ್ರತಿ ಇಟ್ಟಿಗೆಯೂ ನೇರಳೆ, ಗೋಡೆಯವರೆಗೆ ತುಂಬಿತ್ತು. ಅದು ರಸದಾನಿಯ ಬಣ್ಣ ಎಂದು ಈಗ ಗೊತ್ತಲ್ಲ. ಅಡುಗೆಮನೆಯಿಂದ ಉಪ್ಪುನೀರು ಒಂದು ಹನಿ ಬಿಟ್ಟೆವು. ಐದು ನಿಮಿಷದೊಳಗೆ ನೇರಳೆ ಬಣ್ಣ ಮೂಲೆಗಳನ್ನು ಬಿಟ್ಟು ಒಳಗೆ ಸರಿಯಿತು. ಗೋಡೆಗಳು ಖಾಲಿ ಚೌಕಟ್ಟಿನಂತೆ ನಿಂತವು, ನಡುವೆ ನೇರಳೆ ಉಂಡೆ. ಒರೆಕಾಗದದಿಂದ ಉಪ್ಪುನೀರು ಹೀರಿಸಿ ಬರಿಯ ನೀರು ಬಿಟ್ಟಾಗ ಹಲವು ಕೋಶಗಳಲ್ಲಿ ಉಂಡೆ ಮತ್ತೆ ಹಿಗ್ಗಿ ಗೋಡೆ ಮುಟ್ಟಿತು. ಅವಳು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಏನಾಯಿತೆಂದು ಬಂದರು.

ಮೂರು ಚಿತ್ರ ಬರೆದು ಶಾಲೆಗೆ ಕೊಂಡುಹೋದಳು. ಶಿಕ್ಷಕಿ ಅದನ್ನು ತರಗತಿಯಲ್ಲಿ ತೋರಿಸಿದರಂತೆ. ಎರಡು ಅಂಕದ ಮಾತು ಇಬ್ಬರೂ ಎತ್ತಲಿಲ್ಲವಂತೆ. ಅವಳಿಂದ ಮಿಡಿಮಾವು ಅಕ್ಕನಿಗೆ ಒಂದು ಪ್ರಶ್ನೆ: ಜಾಡಿಯಲ್ಲಿ ಚಿರುಟಿದ ಮಿಡಿಯನ್ನು ಬರಿಯ ನೀರಿನಲ್ಲಿಟ್ಟರೆ ಈರುಳ್ಳಿಯ ಹಾಗೆ ಮತ್ತೆ ಉಬ್ಬುತ್ತದೆಯೇ?

ಮಿಡಿಮಾವು
ಮರಿಗೆ ಹೇಳಿ, ಉಪ್ಪು ಜಾಸ್ತಿಯಾದ ವರ್ಷ ನಾನೂ ನೀರಿನಲ್ಲಿಟ್ಟು ನೋಡಿದ್ದೇನೆ. ಉಪ್ಪು ಇಳಿಯಿತು, ಮಿಡಿ ಮೊದಲಿನ ಹಾಗೆ ಬಿಗಿಯಾಗಿ ಉಬ್ಬಲಿಲ್ಲ. ಯಾಕೆಂದು ಮೇಷ್ಟರು ಹೇಳಲಿ.

ಹಳೆಯ ಪ್ರಯೋಗಶಾಲೆ
ಈರುಳ್ಳಿ ಉಪ್ಪಿನಲ್ಲಿದ್ದದ್ದು ಐದು ನಿಮಿಷ, ಅದರ ಪೊರೆ ಇನ್ನೂ ಬದುಕಿತ್ತು. ಮಿಡಿ ಇದ್ದದ್ದು ಎಷ್ಟೋ ದಿನ. ಪೊರೆ ಸತ್ತು ತೂತಾಗಿದೆ. ನೀರು ಒಳಗೆ ಹೋಗುತ್ತದೆ, ಹಾಗೆಯೇ ಹೊರಗೂ ಬರುತ್ತದೆ, ಹಿಡಿದಿಡುವವರಿಲ್ಲ. ಮಗುವಿಗೆ ಹೇಳಿ, ಐದು ನಿಮಿಷದ ಬದಲು ಅರ್ಧ ದಿನ ಉಪ್ಪುನೀರಿನಲ್ಲಿಟ್ಟ ಇನ್ನೊಂದು ಪೊರೆಯನ್ನು ನೋಡಲಿ. ನೇರಳೆ ಬಣ್ಣ ಎಲ್ಲಿ ಹೋಯಿತು ಎಂದು ಬರೆದುಕೊಂಡು ಬರಲಿ.